ಕಿವಿಯೊಳಗಿನ ಜೀರುಂಡೆಯನ್ನು ಅಳೆದವರಿಗೆ

ಮೊನ್ನೆ ಶನಿವಾರ, 14 ತಿಂಗಳ ನಂತರ ಮತ್ತೆ ಯಕ್ಷಗಾನದ ಆಟದಲ್ಲಿ ಚೆಂಡೆ ಬಾರಿಸಿದೆ. ಇಡೀ ರಾತ್ರಿ ಅಲ್ಲ, ಒಂದೂವರೆ ಗಂಟೆ ಅಷ್ಟೆ. ಆಟ ಮುಗಿದ ಮೇಲೆ ಸುಮಾರು ಜನ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಬಂದು "ಕಿವಿ ಸರಿಯಾಯ್ತಲ್ವಾ?" ಅಂತ ಕೇಳಿದರು. ಎಲ್ಲರಿಗೂ "ಹೂಂ" ಅಂದೆ. ಅದು ಅರ್ಧ ಸುಳ್ಳು. ಕಿವಿಯೊಳಗಿನ ಜೀರುಂಡೆ, ಅಂದರೆ ಹೊರಗೆಲ್ಲೂ ಇಲ್ಲದೆ ನನಗೊಬ್ಬನಿಗೇ ಕೇಳುವ ಕೀ ಶಬ್ದ (ಡಾಕ್ಟರ ಭಾಷೆಯಲ್ಲಿ ಟಿನ್ನಿಟಸ್), ಆಗಲೂ ಕೂಗುತ್ತಿತ್ತು, ಇದನ್ನು ಬರೆಯುವಾಗಲೂ ಕೂಗುತ್ತಿದೆ. ಆದರೆ ಈಗ ಅದರ ಗುರುತು ಪರಿಚಯ ನನಗಿದೆ. ಆ ಪರಿಚಯ ಮಾಡಿಸಿದವರಿಗೆ ಚೌಕಿಯ ಗದ್ದಲದಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಹವ್ಯಾಸಿ. ಹಗಲು ಸೊಸೈಟಿಯಲ್ಲಿ ಕೆಲಸ, ರಾತ್ರಿ ಯಕ್ಷಗಾನದ ಹಿಮ್ಮೇಳ. 26 ವರ್ಷ ಹೀಗೇ ನಡೆಯಿತು. ಆಟದ ಮರುದಿನ ಕಿವಿಯಲ್ಲಿ ಕೀ ಅನ್ನುವುದು ಹೊಸದೇನಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಇಳಿಯುತ್ತಿತ್ತು. ಒಂದು ರಾತ್ರಿ ಬಣ್ಣದ ವೇಷದ ಒಡ್ಡೋಲಗಕ್ಕೆ (ರಾಕ್ಷಸ ಪಾತ್ರದ ಅಬ್ಬರದ ಪ್ರವೇಶಕ್ಕೆ) ಜೋಡಿ ಚೆಂಡೆ ಬಾರಿಸಿ ಬಂದೆ. ಅವತ್ತಿನದು ಇಳಿಯಲೇ ಇಲ್ಲ. ವಾರ ಕಳೆಯುವಷ್ಟರಲ್ಲಿ ಇನ್ನೊಂದು ಶುರು: ಸ್ಟೀಲ್ ತಟ್ಟೆಗೆ ಸೌಟು ತಾಗಿದರೆ ಹಲ್ಲು ಜುಮ್ಮೆನ್ನುವುದು, ಕುಕ್ಕರ್ ಕೂಗಿದರೆ ತೋಟಕ್ಕೆ ಓಡುವುದು. ಚೆಂಡೆ ಬಾರಿಸುವವನಿಗೆ ಕುಕ್ಕರಿನ ಹೆದರಿಕೆ ಮಾರಾಯ್ರೇ! ಈಗ ನಗು ಬರುತ್ತದೆ.

ಮೊದಲು ತೋರಿಸಿದ ಕಡೆ ಎರಡೇ ನಿಮಿಷ. "ಕಿವಿ ಸರಿ ಉಂಟು, ಅದರ ಕಡೆ ಗಮನ ಕೊಡಬೇಡಿ" ಅಂತ ಹೇಳಿ ಕಳಿಸಿದರು. ಗಮನ ಕೊಡಬೇಡಿ ಅಂದರೆ? ಬಾಗಿಲು ಹಾಕಿಕೊಂಡು ಹೊರಗೆ ಹೋಗಲು ಅದೇನು ಪಕ್ಕದ ಮನೆಯ ರೇಡಿಯೋನಾ? ಕೈ ಮುರಿದರೆ ಬ್ಯಾಂಡೇಜ್ ಕಾಣುತ್ತದೆ. ಇದು ಯಾರಿಗೂ ಕಾಣದು, ಕೇಳದು. ಕೆಲವರು ಮುಖದ ಮೇಲೇ "ಸುಮ್ನೆ ಭ್ರಮೆ" ಅಂದರು.

ಒಬ್ಬಳು ಅನ್ನಲಿಲ್ಲ. ಹೆಂಡತಿ ಏನೂ ಕೇಳದೆ, ಏನೂ ಹೇಳದೆ, ಒಂದು ದಿನದಿಂದ ಊಟಕ್ಕೆ ಬಾಳೆಲೆ ಹಾಕತೊಡಗಿದಳು. ಮೂರು ಹೊತ್ತೂ. ಎಲೆಗೆ ಸೌಟು ತಾಗಿದರೆ ಶಬ್ದ ಇಲ್ಲ ಅಲ್ವಾ. ನನಗೆ ಅದು ಹೊಳೆದದ್ದೇ ಹದಿನೈದು ದಿನ ಕಳೆದ ಮೇಲೆ. ಇದಕ್ಕೆ ಥ್ಯಾಂಕ್ಸ್ ಅಂದರೆ ಅವಳು ಬೈಯುತ್ತಾಳೆ, ಆದರೂ ಬರೆದಿದ್ದೇನೆ.

ನಮ್ಮ ಹಿಮ್ಮೇಳದಲ್ಲಿ ಹಾಡುವ ಭಾಗವತರು ಬಿಡದೆ ಇನ್ನೊಬ್ಬ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಈ ಡಾಕ್ಟರು ಕಿವಿಯೊಳಗೆ ಬೆಳಕು ಹಾಕಿ ನೋಡುವುದಕ್ಕಿಂತ ಜಾಸ್ತಿ ಪ್ರಶ್ನೆ ಕೇಳಿದರು. ಒಂದೇ ಕಿವಿಯಲ್ಲೋ, ಎರಡರಲ್ಲೋ? ನಾಡಿ ಬಡಿತದ ಜೊತೆ ಡಬ್ ಡಬ್ ಅನ್ನುತ್ತದೋ? ತಲೆ ತಿರುಗುತ್ತದೋ? ಒಂದೇ ಕಿವಿಯಲ್ಲಿದ್ದರೆ, ಇಲ್ಲವೇ ನಾಡಿಯ ತಾಳಕ್ಕೆ ಬರುತ್ತಿದ್ದರೆ ಸ್ಕ್ಯಾನಿಂಗ್ ಬೇಕಾಗಬಹುದಂತೆ. ನಿಮಗೂ ಹಾಗಿದ್ದರೆ ತಡ ಮಾಡಬೇಡಿ. ನನ್ನದು ಎರಡೂ ಕಿವಿಯದ್ದು, ತಾಳ ಇಲ್ಲದ್ದು.

ಅಲ್ಲಿಂದ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ, ಮೇಡಂ ಕೈಗೆ ಸಿಕ್ಕಿದೆ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ನಾನು "ಕಿವಿಯಲ್ಲಿ ಶಬ್ದ" ಅಂದ ಕೂಡಲೇ ಅವರು ಕೇಳಿದ್ದು, "ಹೇಗೆ ಕೇಳುತ್ತದೆ? ಬಾಯಲ್ಲಿ ಮಾಡಿ ತೋರಿಸಿ." ಅಷ್ಟು ದಿನದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ.

ಶಬ್ದ ನುಗ್ಗದ ಒಂದು ಪುಟ್ಟ ಕೋಣೆ. ಹೆಡ್‌ಫೋನ್ ಹಾಕಿ, ಸಣ್ಣ ಪೀಂ ಕೇಳಿದಾಗೆಲ್ಲ ಗುಂಡಿ ಒತ್ತಬೇಕು. ಇದು ಮಾಮೂಲಿ ಶ್ರವಣ ಪರೀಕ್ಷೆ, 250ರಿಂದ 8000 ಹರ್ಟ್ಸ್‌ವರೆಗೆ; ಹರ್ಟ್ಸ್ ಏರಿದಷ್ಟೂ ಶ್ರುತಿ ಮೇಲೆ. ಹಾಳೆಯ ಮೇಲೆ ನನ್ನ ಗೆರೆ ಚೆನ್ನಾಗಿಯೇ ಹೋಗುತ್ತಾ 4000ದ ಹತ್ತಿರ 50 ಡೆಸಿಬಲ್‌ಗೆ ಕುಸಿದು, 8000ಕ್ಕೆ ಮತ್ತೆ ಸ್ವಲ್ಪ ಎದ್ದಿತ್ತು. ಗೆರೆ ಇಳಿದಷ್ಟೂ ಕೇಳುವುದು ಕಮ್ಮಿ. ದೊಡ್ಡ ಶಬ್ದದ ನಡುವೆ ಬದುಕಿದವರ ಕಿವಿಯಲ್ಲಿ ಈ ಕುಸಿತ ಸಾಮಾನ್ಯವಂತೆ. 26 ವರ್ಷದ ಚೆಂಡೆ ಅಲ್ಲಿ ಕೂತಿತ್ತು.

ಆಮೇಲೆ ಜೀರುಂಡೆಯ ಸರದಿ. ಎರಡು ಸ್ವರ ಕೇಳಿಸಿ, ನಿಮ್ಮದಕ್ಕೆ ಯಾವುದು ಹತ್ತಿರ ಅನ್ನುತ್ತಾರೆ. ಮತ್ತೆ ಎರಡು, ಮತ್ತೆ ಎರಡು. ಹಾರ್ಮೋನಿಯಂನ ಕಪ್ಪು ಮನೆ ಎರಡೋ ಮೂರೋ ಅಂತ ಕಣ್ಣು ಮುಚ್ಚಿ ಶ್ರುತಿ ಹೇಳುವವನು ನಾನು, ಜಂಬ ಬೇರೆ. 3000 ಹರ್ಟ್ಸ್ ಬಂದಾಗ "ಇದೇ!" ಅಂದುಬಿಟ್ಟೆ. ಮೇಡಂ ಮಾತಾಡದೆ ಅದರ ಮೇಲಿನ ಸ್ಥಾಯಿಯನ್ನು, ಅಂದರೆ 6000ವನ್ನು ಕೇಳಿಸಿದರು. ಅಯ್ಯೋ, ನನ್ನದು ಇದು! ಮೇಲಿನ ಷಡ್ಜ, ಕೆಳಗಿನ ಷಡ್ಜ ಅದಲುಬದಲಾಗುವುದು ಎಲ್ಲರಿಗೂ ಇದ್ದದ್ದೇ, ಅದಕ್ಕೇ ಎರಡನ್ನೂ ಕೇಳಿಸಿ ಖಚಿತ ಮಾಡುತ್ತಾರೆ. ಪಿಯಾನೋದ ಕೊನೆಯ ಮನೆಯೇ ಸುಮಾರು 4200ಕ್ಕೆ ಮುಗಿಯುತ್ತದೆ. ನಮ್ಮ ಹಾರ್ಮೋನಿಯಂನಲ್ಲಿ ನಾನು ಅದನ್ನು ತಿಂಗಳುಗಟ್ಟಲೆ ಹುಡುಕಿದ್ದು ದಂಡ.

ಜೋರು ಎಷ್ಟು? ಹತ್ತಕ್ಕೆ ಎಂಟು ಅಂತ ನಾನು ಹೇಳಿದ್ದೆ. ಅಳೆದು ನೋಡಿದರೆ, 6000 ಹರ್ಟ್ಸ್ ನನಗೆ ಕೇಳಲು ಶುರುವಾಗುವ ಮಟ್ಟಕ್ಕಿಂತ ಬರೀ 6 ಡೆಸಿಬಲ್ ಮೇಲೆ. ನನಗೆ ಸಿಟ್ಟೇ ಬಂತು. "ಮೇಡಂ, ಇದು ನಿದ್ದೆ ಕೆಡಿಸುವ ಶಬ್ದ!" ಅವರು ತಣ್ಣಗೆ ಹೇಳಿದರು: "ತುಂಬ ಜನರದ್ದು ಹತ್ತು ಡೆಸಿಬಲ್ ಒಳಗೇ ಬರುತ್ತದೆ. ಕಷ್ಟ ಎಷ್ಟು ಅಂತ ಇದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಅಳತೆ ಉಂಟು."

ಆ ಬೇರೆ ಅಳತೆ 25 ಪ್ರಶ್ನೆಗಳ ಒಂದು ಹಾಳೆ. 1996ರಲ್ಲಿ ಅಮೆರಿಕದವರು ಮಾಡಿದ್ದು, ನನಗೆ ಕೊಟ್ಟದ್ದು ಕನ್ನಡದಲ್ಲಿತ್ತು. ನಿದ್ದೆ ಬರುತ್ತದೋ, ಓದಲು ಆಗುತ್ತದೋ, ಮನೆಯವರ ಜೊತೆ ಸಂಬಂಧ ಕೆಡುತ್ತಿದೆಯೋ ಅಂತೆಲ್ಲ. ಹೌದು ಅಂದರೆ 4, ಕೆಲವೊಮ್ಮೆ ಅಂದರೆ 2, ಇಲ್ಲ ಅಂದರೆ ಸೊನ್ನೆ. ಒಟ್ಟು ನೂರಕ್ಕೆ ನನ್ನದು 68. 58ರಿಂದ 76 ಅಂದರೆ ತೀವ್ರ. ಮನೆಯವರ ಪ್ರಶ್ನೆಗೆ "ಇಲ್ಲ" ಅಂತ ಗುರುತು ಹಾಕಿದ್ದೆ. ಪಕ್ಕದಲ್ಲಿದ್ದ ಹೆಂಡತಿ ಸುಮ್ಮನೆ ನನ್ನ ಮುಖ ನೋಡಿದಳು. ಅಳಿಸಿ "ಹೌದು" ಮಾಡಿದೆ. 68 ಆದದ್ದು ಹಾಗೆ.

ಕೊನೆಗೆ ಇನ್ನೊಂದು ಪರೀಕ್ಷೆ. ಮೊದಲು ಜೀರುಂಡೆ ಮುಚ್ಚಿಹೋಗುವಷ್ಟು ಶೂ ಅನ್ನುವ ಶಬ್ದ ಎಷ್ಟು ಬೇಕು ಅಂತ ನೋಡಿದರು. ಅದಕ್ಕಿಂತ ಸ್ವಲ್ಪ ಜೋರಾಗಿ ಒಂದು ನಿಮಿಷ ಕೇಳಿಸಿ, ತಟ್ಟನೆ ನಿಲ್ಲಿಸಿದರು. ಕೀ ಇರಲಿಲ್ಲ. ನನ್ನ ಉಸಿರು ಕೇಳಿಸಿತು. ಅಂಗಿಯ ತೋಳು ಕುರ್ಚಿಗೆ ಉಜ್ಜಿದ್ದು ಕೇಳಿಸಿತು. ಐದು ತಿಂಗಳಲ್ಲಿ ಮೊದಲ ಸಲ. ಮತ್ತೆ ದೂರದಿಂದ ನಡೆದು ಬಂದ ಹಾಗೆ ನಿಧಾನಕ್ಕೆ ಬಂತು. ಮೇಡಂ ಲೆಕ್ಕದಲ್ಲಿ 22 ಸೆಕೆಂಡ್. ಗಾಜಿನ ಆಚೆ ಅವರು ಬರೆದುಕೊಳ್ಳುತ್ತಿದ್ದರು, ಈಚೆ ನಾನು ಅಳುತ್ತಿದ್ದೆ. "ಇದು ಚಿಕಿತ್ಸೆ ಅಲ್ಲ, ಎಲ್ಲರಿಗೂ ಹೀಗೆ ನಿಲ್ಲುವುದೂ ಇಲ್ಲ" ಅಂತ ಅವರು ಹೇಳಿದ್ದು ಒಳ್ಳೆಯದೇ ಆಯಿತು. ಆಸೆ ತೋರಿಸಿ ದುಡ್ಡು ಕೇಳುವವರು ಬೇಕಾದಷ್ಟಿದ್ದಾರೆ.

ಕುಕ್ಕರ್ ಹೆದರಿಕೆಯ ಪರೀಕ್ಷೆ ಎರಡನೆಯ ಸಲ ಹೋದಾಗ. ಶಬ್ದವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ನೋವಾಗುವವರೆಗೆ ತಡೆಯಬಾರದು, ಕಿರಿಕಿರಿ ಅನ್ನಿಸಿದ ಕೂಡಲೇ ಕೈ ಎತ್ತಬೇಕು. ಬೇರೆಯವರು 100 ಡೆಸಿಬಲ್ ಸುಮಾರಿಗೆ ಎತ್ತುವ ಕೈಯನ್ನು ನಾನು 70ಕ್ಕೇ ಎತ್ತಿದೆ. ದಿನವಿಡೀ ಕಿವಿಗೆ ಹತ್ತಿ ತುರುಕಿಕೊಂಡದ್ದೂ ಇದಕ್ಕೆ ಕಾರಣವಾಗಿರಬಹುದು ಅಂದರು. ಶಬ್ದ ಒಳಗೆ ಬಿಡದಿದ್ದರೆ ಕಿವಿ ಇನ್ನೂ ಸೂಕ್ಷ್ಮವಾಗುತ್ತದಂತೆ. ಹತ್ತಿ ಬಿಟ್ಟೆ. ರಾತ್ರಿ ಸಣ್ಣಗೆ ಮಳೆಯ ಶಬ್ದ ಹಾಕಿಕೊಂಡೆ. ಜೂನ್ ಬಂದ ಮೇಲೆ ನಮ್ಮೂರಲ್ಲಿ ಅದು ಪುಕ್ಕಟೆ.

ಹೋದ ತಿಂಗಳು ಎಲ್ಲ ಮತ್ತೆ ಅಳೆದರು. ಕೈ ಎತ್ತಿದ್ದು 90ಕ್ಕೆ. ಜೀರುಂಡೆ ಅದೇ 6000, ಜೋರೂ ಅದೇ 6 ಡೆಸಿಬಲ್. ಪ್ರಶ್ನೆಗಳ ಹಾಳೆಯಲ್ಲಿ ಮಾತ್ರ 68 ಇದ್ದದ್ದು 28.

ಇಷ್ಟು ದಿನ ನನ್ನ ಜಾಗದಲ್ಲಿ ಬಾರಿಸಿದ ಹುಡುಗ ಮೊನ್ನೆ ಏನೂ ಹೇಳದೆ ಕೋಲು ನನ್ನ ಕೈಗಿಟ್ಟ. ಅವನ ಕಿವಿಗೆ ಈಗಲೇ ಪ್ಲಗ್ ಕೊಡಿಸಿದ್ದೇನೆ, ನಾನೂ ಹಾಕಿಕೊಂಡೇ ಬಾರಿಸುತ್ತೇನೆ. ಮುಂದಿನ ಆಟಕ್ಕೆ ಮೇಡಂ ಬರುತ್ತಾರಂತೆ. ಚೆಂಡೆಯ ಬದಿಗೆ ಕೂರಬೇಡಿ ಅಂತ ಈಗಲೇ ಫೋನ್ ಮಾಡಿ ಹೇಳಬೇಕು.