ಮೇಣದಬತ್ತಿ ಪ್ರಯೋಗದ ತಪ್ಪು ವಿವರಣೆ ನಿಲ್ಲಲಿ

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ವಿಜ್ಞಾನ ದಿನದ ನಿಮಿತ್ತ ವಿಜಯಪುರ ನಗರದ ಶಾಲೆಯೊಂದರಲ್ಲಿ ಏರ್ಪಡಿಸಿದ್ದ ವಸ್ತು ಪ್ರದರ್ಶನಕ್ಕೆ ಮೊಮ್ಮಗಳೊಂದಿಗೆ ಹೋಗಿದ್ದೆ. ಏಳನೆಯ ತರಗತಿಯ ಹುಡುಗನೊಬ್ಬ ತಟ್ಟೆಯಲ್ಲಿ ಬಣ್ಣದ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ, ಅದರ ಮೇಲೆ ಗಾಜಿನ ಲೋಟ ಕವುಚಿದ. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು. ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕವಿದೆ, ಅದು ಉರಿದು ಖಾಲಿಯಾದ ಜಾಗಕ್ಕೆ ನೀರು ಬಂದಿದೆ ಎಂದು ತಡವರಿಸದೆ ಒಪ್ಪಿಸಿದ. ನಾನೂ ಹೈಸ್ಕೂಲಿನಲ್ಲಿ ಹಲವು ವರ್ಷ ಇದನ್ನೇ ಹೇಳಿಕೊಟ್ಟವನಾದ್ದರಿಂದ ಹುಡುಗನನ್ನಾಗಲಿ ಅವನ ಶಿಕ್ಷಕರನ್ನಾಗಲಿ ದೂರುವ ಹಕ್ಕು ನನಗಿಲ್ಲ. ಆದರೆ ವಿವರಣೆ ತಪ್ಪು.

ಗಾಳಿಯಲ್ಲಿ ಸುಮಾರು ಶೇ 21ರಷ್ಟು ಆಮ್ಲಜನಕವಿರುವುದು ನಿಜ. ಆದರೆ ಅದರ ಬಹುಪಾಲು ಲೋಟದಲ್ಲಿ ಉಳಿದಿರುವಾಗಲೇ ಬತ್ತಿ ಆರುತ್ತದೆ. ಉರಿದ ಪಾಲೂ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಮಾರ್ಪಡುತ್ತದೆಯೇ ಹೊರತು ಮಾಯವಾಗುವುದಿಲ್ಲ. ನೀರು ಏರಲು ಮುಖ್ಯ ಕಾರಣ ಶಾಖ. ಜ್ವಾಲೆಯ ಬಿಸಿಗೆ ಹಿಗ್ಗಿದ ಗಾಳಿಯಲ್ಲಿ ಒಂದಿಷ್ಟು ಲೋಟದಿಂದ ಹೊರಬಿದ್ದಿರುತ್ತದೆ. ಬತ್ತಿ ಆರಿದ ಮೇಲೆ ಒಳಗಿನ ಗಾಳಿ ತಣ್ಣಗಾಗಿ ಅದರ ಒತ್ತಡ ಕುಗ್ಗುತ್ತದೆ, ಆಗ ಹೊರಗಿನ ಗಾಳಿ ನೀರನ್ನು ಒಳಕ್ಕೆ ಒತ್ತುತ್ತದೆ. ಅಂದು ರಾತ್ರಿ ಮನೆಯಲ್ಲಿ ಮೊಮ್ಮಗಳು ಅದೇ ಲೋಟದಡಿ ಮೊದಲು ಒಂದು ಬತ್ತಿ, ಆಮೇಲೆ ಮೂರು ಬತ್ತಿ ಹಚ್ಚಿ, ನೀರು ಏರಿದ ಎತ್ತರವನ್ನು ಲೋಟದ ಮೇಲೆ ಪೆನ್ನಿನಿಂದ ಗುರುತು ಮಾಡಿದಳು. ಮೂರು ಬತ್ತಿಯ ಗುರುತು ಸಾಕಷ್ಟು ಮೇಲಿತ್ತು. "ಹಂಗಾದ್ರ ಜಾಸ್ತಿ ಆಕ್ಸಿಜನ್ ಎಲ್ಲಿಂದ ಬಂತು ಮುತ್ಯಾ?" ಎಂದಳು. ಪ್ರದರ್ಶನದಲ್ಲಿ ತೀರ್ಪುಗಾರರು ಕೇಳಬೇಕಿದ್ದ ಪ್ರಶ್ನೆ ಇದು.

ಗಾಳಿಗೆ ತೂಕವಿದೆ, ಒತ್ತಡವಿದೆ, ಬಿಸಿಯಾದರೆ ಹಿಗ್ಗುತ್ತದೆ ಎಂಬ ಮೂರು ಸಾಲುಗಳನ್ನು ನೋಟ್ಸಿನಲ್ಲಿ ಬರೆಸಿ ಪಾಠ ಮುಗಿಸುವ ರೂಢಿಯಿಂದಲೇ ಇಂಥ ತಪ್ಪುಗಳು ಉಳಿದುಕೊಂಡಿವೆ. ತೂಕದ ಮಾತನ್ನೇ ತೆಗೆದುಕೊಳ್ಳಿ. ಆಕಾರ ಕೆಡದಷ್ಟು ಮಾತ್ರ ಗಾಳಿಯಿರುವ ಫುಟ್‌ಬಾಲನ್ನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ತೂಗಿ, ಸೈಕಲ್ ಪಂಪಿನಿಂದ ಬಿಗಿಯಾಗಿ ತುಂಬಿ ಮತ್ತೆ ತೂಗಿದರೆ ನಾಲ್ಕೈದು ಗ್ರಾಂ ಹೆಚ್ಚು ಬರುತ್ತದೆ. ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬಿ ತೂಗಿದರೆ ವ್ಯತ್ಯಾಸ ಕಾಣುವುದಿಲ್ಲ. ಸುತ್ತಲಿನ ಗಾಳಿ ಅದನ್ನು ಅಷ್ಟೇ ಬಲದಿಂದ ಎತ್ತಿ ಹಿಡಿಯುತ್ತದೆ. ಏಕೆ ಹೀಗೆ ಎಂದು ಮಕ್ಕಳು ಜಗಳವಾಡಲಿ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ತರಗತಿಯ ಕೋಣೆಯೊಳಗಿನ ಗಾಳಿ ಒಂದು ಕ್ವಿಂಟಲ್ ಜೋಳದ ಚೀಲಕ್ಕಿಂತ ಹೆಚ್ಚು ತೂಗುತ್ತದೆಂದರೆ ಅವರು ಮೊದಲು ನಂಬುವುದೇ ಇಲ್ಲ.

ಒತ್ತಡದ ಪಾಠಕ್ಕಂತೂ ಬಾವಿಗಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ನೀರು ಇಳಿದಂತೆ ದಂಡೆಯ ಮೇಲಿದ್ದ ಮೋಟರನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸುವುದನ್ನು ಇಂಡಿ, ಸಿಂದಗಿ ಕಡೆಯ ರೈತರ ಮಕ್ಕಳು ಕಂಡೇ ಇರುತ್ತಾರೆ. ಏಕೆ ಇಳಿಸುತ್ತಾರೆಂದು ಯಾವ ತರಗತಿಯಲ್ಲೂ ಯಾರೂ ಅವರನ್ನು ಕೇಳುವುದಿಲ್ಲ. ಮೋಟರ್ ನೀರನ್ನು ಎಳೆಯುವುದಿಲ್ಲ. ಅದು ಪೈಪಿನೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತದೆ ಅಷ್ಟೇ, ಬಾವಿಯ ನೀರಿನ ಮೇಲೆ ಒತ್ತಿ ಕುಳಿತ ಗಾಳಿ ನೀರನ್ನು ಮೇಲಕ್ಕೆ ದೂಡುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ ಎತ್ತಿ ಹಿಡಿಯಬಲ್ಲದ್ದು ಸುಮಾರು 10.3 ಮೀಟರ್ ನೀರು. ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿರುವ ವಿಜಯಪುರದಲ್ಲಿ ಅದು ಒಂಬತ್ತೂವರೆ ಮೀಟರಿನ ಆಸುಪಾಸು, ಸೋರಿಕೆ ಮತ್ತು ಘರ್ಷಣೆ ಕಳೆದರೆ ಆರೇಳು ಮೀಟರ್. ಎಷ್ಟು ಅಶ್ವಶಕ್ತಿಯ ಮೋಟರ್ ತಂದರೂ ಈ ಮಿತಿ ಏರುವುದಿಲ್ಲ. ಪೈಪಿನ ಕೆಳತುದಿಯಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರಿದಾಗ "ಮೋಟರ್ ಗಾಳಿ ಹಿಡಿದೈತಿ" ಎನ್ನುವ ರೈತ ಭೌತವಿಜ್ಞಾನವನ್ನೇ ಹೇಳುತ್ತಿರುತ್ತಾನೆ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ನೀರಿನಲ್ಲೇ ಕುಳಿತು ಕೆಳಗಿನಿಂದ ದೂಡುವುದರಿಂದ ಅದಕ್ಕೆ ಈ ಕಟ್ಟುಪಾಡಿಲ್ಲ. ಇಟಲಿಯಲ್ಲಿ ಪಂಪುಗಳು ಇಷ್ಟೇ ಎತ್ತರಕ್ಕೆ ನೀರೆತ್ತಿ ನಿಂತುಬಿಡುತ್ತಿದ್ದ ಸಮಸ್ಯೆಯ ಬೆನ್ನು ಹತ್ತಿಯೇ 1643ರಲ್ಲಿ ವಿಜ್ಞಾನಿ ಟಾರಿಸೆಲ್ಲಿ ಪಾದರಸದ ಪ್ರಯೋಗಕ್ಕೆ ಬಂದದ್ದು. ಗಾಜಿನ ನಳಿಗೆಯಲ್ಲಿ ಪಾದರಸ ನಿಂತದ್ದು 76 ಸೆಂಟಿಮೀಟರ್ ಎತ್ತರಕ್ಕೆ. ಅದು ನೀರಿಗಿಂತ 13.6 ಪಟ್ಟು ಭಾರ. ಗುಣಿಸಿ ನೋಡಿದರೆ ಮತ್ತೆ ಅದೇ 10.3 ಮೀಟರ್ ಬರುತ್ತದೆ.

ಬೆಳಗಾವಿಯ ಶಾಲೆಗಳಿಗೆ ಇನ್ನೂ ಸುಲಭವಾದ ದಾರಿಯಿದೆ. ಗೋವಾ ಪ್ರವಾಸಕ್ಕೆ ಹೊರಡುವ ಮುನ್ನ ಖಾಲಿ ನೀರಿನ ಬಾಟಲಿಯ ಮುಚ್ಚಳವನ್ನು ಊರಲ್ಲೇ ಬಿಗಿದುಕೊಂಡು ಹೋಗಲಿ. ಚೋರ್ಲಾ ಘಾಟ್ ಇಳಿದು ಸಮುದ್ರಮಟ್ಟದ ಪಣಜಿ ಮುಟ್ಟುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಹೆಚ್ಚಿ ಅದರ ಪಕ್ಕೆಗಳು ಒಳಸರಿದಿರುತ್ತವೆ.

ಸಮೂಹ ಸಂಪನ್ಮೂಲ ಕೇಂದ್ರಗಳ ಸಮಾಲೋಚನಾ ಸಭೆಗಳಲ್ಲಿ ಒಂದನ್ನಾದರೂ ಗಾಳಿಯ ಪಾಠಕ್ಕೆ ಮೀಸಲಿಟ್ಟು, ಈ ಪ್ರಯೋಗಗಳನ್ನು ಶಿಕ್ಷಕರೇ ಕೈಯಾರೆ ಮಾಡಿ ಅಳೆದು ನೋಡುವಂತೆ ಶಿಕ್ಷಣ ಇಲಾಖೆ ಕ್ರಮ ಕೈಗೊಳ್ಳಬೇಕು. ಇದಕ್ಕೆ ಬೇಕಾಗುವ ಸಾಮಗ್ರಿಯೆಲ್ಲ ಸಂತೆಯಲ್ಲೇ ಸಿಗುತ್ತದೆ. ಮುಂದಿನ ವಸ್ತು ಪ್ರದರ್ಶನದಲ್ಲಿ ಒಂದು ಬತ್ತಿಯ ತಟ್ಟೆಯ ಪಕ್ಕದಲ್ಲಿ ಮೂರು ಬತ್ತಿಯ ತಟ್ಟೆಯನ್ನೂ ಇಡಿಸಲಿ.

– ನಿವೃತ್ತ ವಿಜ್ಞಾನ ಶಿಕ್ಷಕ, ವಿಜಯಪುರ