ಸ್ಟಾರ್ ಬೇಡ, ತಿಂಗಳು ನೋಡಿ

ಮಾನ್ಯರೇ,

ಬೇಸಿಗೆ ರಜೆಗೆ ವಿದೇಶ ಅಂದರೆ ಪತ್ರಿಕೆಗಳಲ್ಲಿ ಬರೀ ಹೋಟೆಲ್, ಪ್ಯಾಕೇಜ್ ಟೂರ್‌ಗಳದ್ದೇ ಮಾತು. ಮಕ್ಕಳಿರುವವರಿಗೆ ಫ್ರಾನ್ಸ್‌ನ ಕ್ಯಾಂಪಿಂಗ್ ತಾಣಗಳ ಬಗ್ಗೆಯೂ ಬರೆಯಬೇಕಲ್ವಾ? ಟೆಂಟ್ ಹೊತ್ತುಕೊಂಡು ಹೋಗಬೇಕಿಲ್ಲ. ಅಡುಗೆಮನೆ, ಬಚ್ಚಲು ಇರುವ ಮೊಬೈಲ್ ಹೋಮ್ (ತಾಣದಲ್ಲೇ ನಿಲ್ಲಿಸಿಟ್ಟ ಪುಟ್ಟ ಮನೆ) ಬಾಡಿಗೆಗೆ ಸಿಗುತ್ತದೆ, ಅನ್ನ ಸಾರು ಮಾಡಿಕೊಂಡು ಆರಾಮಾಗಿ ಇರಬಹುದು.

ಅಲ್ಲಿ ತಾಣಗಳಿಗೆ 1ರಿಂದ 5 ಸ್ಟಾರ್ ಕೊಡುತ್ತಾರೆ. ಸುಮ್ನೆ ಅದನ್ನೇ ನಂಬಬೇಡಿ. ತುಮಕೂರಿನ ಮಕ್ಕಳಿಗೆ ರಜೆ ಏಪ್ರಿಲ್, ಮೇನಲ್ಲಿ. ಅಲ್ಲಿಯ ಬೇಸಿಗೆ ರಜೆ ಜುಲೈ, ಆಗಸ್ಟ್‌ನಲ್ಲಿ. ಹಾಗಾಗಿ ನಾವು ಹೋಗುವಾಗ ಬಾಡಿಗೆ ಕಡಿಮೆ ನಿಜ, ಆದರೆ ಎಷ್ಟೋ ತಾಣಗಳು ಆಗಿನ್ನೂ ಬಾಗಿಲೇ ತೆಗೆದಿರುವುದಿಲ್ಲ, ತೆಗೆದಿದ್ದರೂ ಈಜುಕೊಳ, ಮಕ್ಕಳ ಆಟದ ಕಾರ್ಯಕ್ರಮ ಶುರುವಾಗಿರುತ್ತದೆ ಅಂತ ಹೇಳಲಾಗದು, ರಾತ್ರಿ ಚಳಿ ಬೇರೆ. (ದೇವರಾಯನದುರ್ಗದ ಚಳಿ ಅದರ ಮುಂದೆ ಏನೂ ಅಲ್ಲ!) ಮೇ ತಿಂಗಳಾದರೆ ದಕ್ಷಿಣ ಫ್ರಾನ್ಸ್‌ನ ಮೆಡಿಟರೇನಿಯನ್ ಕರಾವಳಿಯೇ ವಾಸಿ. ಕೊಳ ಯಾವ ದಿನದಿಂದ ತೆರೆದಿರುತ್ತದೆ, ನೀರು ಬಿಸಿ ಮಾಡುತ್ತಾರಾ ಅಂತ ಬರೆದು ಕೇಳಿ. ಬಹಳ ಕಡೆ ಸಡಿಲ ಚಡ್ಡಿಯಲ್ಲಿ ನೀರಿಗೆ ಇಳಿಯಲು ಬಿಡುವುದಿಲ್ಲ, ಮೈಗಂಟುವ ಈಜುಡುಗೆಯೇ ಬೇಕು.

ಫ್ರಾನ್ಸ್‌ಗೆ ಹೋಗಲು ಬೇಕಾದ ಷೆಂಗೆನ್ ವೀಸಾಗೆ ಪ್ರಯಾಣದ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಉಳಿಯುವ ಜಾಗದ ದಾಖಲೆ ಕೇಳುತ್ತಾರೆ, ಆದ್ದರಿಂದ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಬುಕಿಂಗನ್ನೇ ಮಾಡಿ.

– ಒಬ್ಬ ಓದುಗಿ, ಶಿರಾ ಗೇಟ್, ತುಮಕೂರು