ಕುಕ್ಕರ್ ಇನ್ನೂ ನಿನ್ನಲ್ಲೇ ಇದೆಯೇ?

ಪ್ರೀತಿಯ ಗೆಳೆಯ,

ಕಳೆದ ತಿಂಗಳು ನೀನು ನನ್ನ ಚೀಲಕ್ಕೆ ತುರುಕಿ ಕಳಿಸಿದ, ಐರಿಷ್ ಲೇಖಕಿ ಸ್ಯಾಲಿ ರೂನಿಯ ‘ನಾರ್ಮಲ್ ಪೀಪಲ್’ ಕಾದಂಬರಿಯನ್ನು ಮೊನ್ನೆ ರಾತ್ರಿ ಓದಿ ಮುಗಿಸಿದೆ. ಫೋನ್ ಮಾಡುವ ಬದಲು ಹೀಗೆ ನಾಲ್ಕು ಜನರೆದುರು ಬರೆಯುತ್ತಿದ್ದೇನೆ, ಏಕೆಂದರೆ ನಿನ್ನೊಬ್ಬನ ಮುಂದೆ ಕೂತರೆ ಮಾತು ಮತ್ತೆ ನಮ್ಮಿಬ್ಬರಿಗಷ್ಟೇ ಗೊತ್ತಿರುವ ಆ ಹಳದಿ ಛತ್ರಿಯ ಕಡೆಗೇ ಹೊರಳುತ್ತದೆ.

2018ರಲ್ಲಿ ಬಂದ ಈ ಪುಸ್ತಕವನ್ನು ಎಲ್ಲರೂ ಪ್ರೇಮಕಥೆ ಎನ್ನುತ್ತಾರೆ. ನನಗೆ ಮಾತ್ರ ಇದು ಬಾಯಿಬಿಟ್ಟು ಕೇಳಲಾಗದವರ ಕಥೆಯಾಗಿ ಕಂಡಿತು. ಐರ್ಲೆಂಡಿನ ಸ್ಲೈಗೋ ಕಡೆಯ ಸಣ್ಣ ಊರಿನ ಕಾನೆಲ್ ಮತ್ತು ಮೇರಿಯಾನ್ ಒಂದೇ ಶಾಲೆಯಲ್ಲಿ ಓದುವವರು. ಕಾನೆಲ್‌ನ ತಾಯಿ ಲೊರೇನ್ ಮೇರಿಯಾನ್‌ಳ ದೊಡ್ಡ ಮನೆಯಲ್ಲಿ ಮನೆಗೆಲಸಕ್ಕೆ ಹೋಗುವವಳು. ಅವರಿಬ್ಬರ ಸಂಬಂಧವನ್ನು ಕಾನೆಲ್ ಸಹಪಾಠಿಗಳಿಂದ ಮುಚ್ಚಿಟ್ಟು, ಶಾಲೆಯ ಬೀಳ್ಕೊಡುಗೆಯ ನೃತ್ಯಕೂಟಕ್ಕೆ ಬೇರೊಬ್ಬಳನ್ನು ಕರೆಯುತ್ತಾನೆ. ಅದನ್ನು ಕೇಳಿದ ಲೊರೇನ್ ಮಗನ ಕಾರಿನಿಂದ ಇಳಿದು ಬಸ್ಸಿನಲ್ಲಿ ಮನೆಗೆ ಹೋಗುತ್ತಾಳೆ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಇಷ್ಟವಾದವಳು ಅವಳೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 2012ರ ಬೇಸಿಗೆಯ ಪ್ರಸಂಗ. ಆಗ ಇಬ್ಬರೂ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದ್ದಾರೆ, ಮತ್ತೆ ಜೊತೆಯಾಗಿದ್ದಾರೆ. ಹೋಟೆಲ್ ಕೆಲಸದ ಗಂಟೆಗಳು ಕಡಿತವಾಗಿ ಕಾನೆಲ್‌ಗೆ ಬಾಡಿಗೆ ಕಟ್ಟಲು ಆಗುವುದಿಲ್ಲ. ಅವಳ ಮನೆಯಲ್ಲಿ ಕೆಲವು ತಿಂಗಳು ಇರಲೇ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ತನ್ನ ತಾಯಿ ಯಾರ ಮನೆಯ ನೆಲ ಒರೆಸಿ ಸಂಬಳ ತರುತ್ತಾಳೋ ಅವರ ಮಗಳನ್ನು ಹಾಗೆ ಕೇಳುವುದು ದುಡ್ಡು ಬೇಡಿದಂತೆ ಎಂದು ಅವನಿಗೆ ಅನ್ನಿಸುತ್ತದೆ. ಊರಿಗೆ ಹೋಗುತ್ತೇನೆ ಎನ್ನುತ್ತಾನೆ. ತನ್ನನ್ನು ಬಿಟ್ಟು ಹೋಗುತ್ತಿದ್ದಾನೆ ಎಂದುಕೊಂಡು ಅವಳು ಸರಿ ಎನ್ನುತ್ತಾಳೆ. ರೂನಿ ಸಂಭಾಷಣೆಗೆ ಉದ್ಧರಣ ಚಿಹ್ನೆಗಳನ್ನೇ ಬಳಸುವುದಿಲ್ಲವಾದ್ದರಿಂದ, ಅವರು ಆಡಿದ ಮಾತು ಯಾವುದು, ಗಂಟಲಲ್ಲೇ ಉಳಿದದ್ದು ಯಾವುದು ಎಂದು ಆ ಪುಟಗಳಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗಿ ನೋಡಬೇಕಾಯಿತು.

ನೀನು ಈ ಪುಟಕ್ಕಾಗಿಯೇ ಪುಸ್ತಕ ಕೊಟ್ಟೆಯೋ?

2013ರ ಜೂನ್‌ನಲ್ಲಿ ನಾನು ಬೆಂಗಳೂರಿನ ರೂಮು ಖಾಲಿ ಮಾಡಿ ಹೊರಟದ್ದು ಊರಿನ ಮೇಲಿನ ಆಸೆಯಿಂದಲ್ಲ. ಮೂರು ತಿಂಗಳಿಂದ ಸಂಬಳ ಬಂದಿರಲಿಲ್ಲ, ಮುಂಗಡದ ಹಣವೂ ಬಾಡಿಗೆಗೇ ವಜಾ ಆಗಿತ್ತು. ವಿಜಯನಗರದ ನಿನ್ನ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಕುಕ್ಕರನ್ನು ನಿನ್ನ ಕೈಗೆ ಕೊಡುವಾಗ ಅದರ ಹಿಡಿಯನ್ನು ಒಂದು ಕ್ಷಣ ಬಿಡದೆ ನಿಂತಿದ್ದೆ. ಆ ಒಂದು ಕ್ಷಣದಲ್ಲಿ ಕೇಳಬೇಕೆಂದಿದ್ದೆ. ನೀನು “ಗ್ಯಾಸ್ಕೆಟ್ ಹಳೇದಾಗಿದೆ ಕಣೋ” ಎಂದೆ, ನಾನು ಹೌದು ಎಂದೆ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹೊರಡುವವರೆಗೂ ನೀನು ಕಿಟಕಿಯ ಕೆಳಗೆ ನಿಂತಿದ್ದೆ. ಇಳಿ, ಮನೆಗೆ ಹೋಗೋಣ ಎಂದು ನೀನೇ ಹೇಳುತ್ತೀಯ ಎಂದು ಕಾದೆ. ನನ್ನ ಕಷ್ಟವನ್ನು ನಿನಗೆ ತಿಳಿಸದೆಯೇ, ನೀನು ತಿಳಿದುಕೊಳ್ಳಲಿಲ್ಲ ಎಂಬ ಸಿಟ್ಟನ್ನು ವರ್ಷಗಟ್ಟಲೆ ಸಾಕಿಕೊಂಡೆ. ನಿನ್ನ ಮದುವೆಗೆ ನಾನು ಬರದೇ ಇದ್ದದ್ದು ಜ್ವರದಿಂದಲ್ಲ.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೂ ಹೇಳಿಬಿಡುತ್ತೇನೆ: ಎರಡನೇ ವರ್ಷದ ನನ್ನ ಪರೀಕ್ಷಾ ಶುಲ್ಕವನ್ನು ಕಟ್ಟಿದವರು ನಿನ್ನ ತಂದೆ. ನಿನಗೆ ಹೇಳಬಾರದೆಂದು ನಾನೇ ಅವರಿಂದ ಮಾತು ತೆಗೆದುಕೊಂಡಿದ್ದೆ, ಅವರು ಕೊನೆಯವರೆಗೂ ಉಳಿಸಿಕೊಂಡರು. ಆ ಮನೆಯಿಂದ ಇನ್ನೊಮ್ಮೆ ಪಡೆಯಲು ನನಗೆ ಧೈರ್ಯವಾಗಲಿಲ್ಲ. ನೀನು ಲೆಕ್ಕ ಇಡುವವನಲ್ಲ ಎಂಬುದು ಆಗಲೂ ಗೊತ್ತಿತ್ತು. ಲೆಕ್ಕ ಇಟ್ಟವನು ನಾನು.

ಕಾದಂಬರಿಯ ಕೊನೆಯಲ್ಲಿ ಕಾನೆಲ್‌ಗೆ ನ್ಯೂಯಾರ್ಕಿನಲ್ಲಿ ಬರವಣಿಗೆಯ ವ್ಯಾಸಂಗಕ್ಕೆ ಅವಕಾಶ ಸಿಗುತ್ತದೆ, ಮೇರಿಯಾನ್ ಹೋಗು ಎನ್ನುತ್ತಾಳೆ. ಅದೇ ಊರು ಬಿಡುವ ಮಾತು. ಈ ಸಲ ಇಬ್ಬರೂ ಎದುರುಬದುರು ಕೂತು ಆಡುತ್ತಾರೆ.

ಬರುವ ಭಾನುವಾರ ನಿನ್ನ ಮನೆಗೆ ಬಂದು ರಾತ್ರಿ ಉಳಿದುಕೊಳ್ಳಲೇ? ಹೊಸ ಗ್ಯಾಸ್ಕೆಟ್ ತರುತ್ತೇನೆ, ಮೂರು ಲೀಟರಿನದೋ ಐದರದೋ ನೋಡಿ ತಿಳಿಸು. ಛತ್ರಿಯ ವಿಷಯ ಮಾತ್ರ ಮಕ್ಕಳ ಮುಂದೆ ಬೇಡ.

ನಿನ್ನವನೇ